ಲೋಟದಿಂದ ಗ್ಲೈಡರ್ ತನಕ: ಮಕ್ಕಳಿಗೆ ವಿಮಾನ ಮತ್ತು ಡ್ರಾಯಿಂಗ್ ಕಲಿಸುವ ಏಳು ಭಾನುವಾರಗಳು

ವಿಮಾನದ ಸದ್ದು ಕೇಳಿದರೆ ಸಾಕು, ಊಟಕ್ಕೆ ಕೂತ ಮಗು ಎಂಜಲು ಕೈಯಲ್ಲೇ ಅಂಗಳಕ್ಕೆ ಓಡುತ್ತದೆ. ಆ ಆಸೆ ಕಂಡಾಗ ನಾವು ದೊಡ್ಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತೇವೆ. ರಿಮೋಟ್ ಇರುವ ಆಟದ ವಿಮಾನ ತಂದುಕೊಡುತ್ತೇವೆ, ಅದು ಎರಡನೇ ದಿನ ಮರದಲ್ಲಿ ಸಿಕ್ಕಿಕೊಳ್ಳುತ್ತದೆ. ಇಲ್ಲವೇ "ಮೊದಲು ಚೆನ್ನಾಗಿ ಓದು, ಆಮೇಲೆ ಇಂಜಿನಿಯರ್ ಆಗುವಿಯಂತೆ" ಅಂತ ಟ್ಯೂಷನ್‌ಗೆ ಸೇರಿಸುತ್ತೇವೆ. ಆಟಿಕೆಗೂ ಟ್ಯೂಷನ್‌ಗೂ ನಡುವೆ ಒಂದು ದಾರಿ ಇದೆ. ಅದು ಪೆನ್ಸಿಲ್‌ನ ದಾರಿ.

ನಾನು ಪೀಣ್ಯದ ಮಷಿನ್ ಶಾಪ್‌ಗಳಲ್ಲಿ ಯಂತ್ರದ ಭಾಗಗಳ ಡ್ರಾಯಿಂಗ್ ಬರೆಯುವ ಡ್ರಾಫ್ಟ್ಸ್‌ಮನ್ ಆಗಿ ಕೆಲಸ ಮಾಡಿದವನು. ಈಗ ಭಾನುವಾರ ಬೆಳಗ್ಗೆ ನಮ್ಮ ಬೀದಿಯ ಆರೇಳು ಮಕ್ಕಳು ಮನೆಗೆ ಬರುತ್ತಾರೆ. ಹತ್ತರಿಂದ ಹದಿನಾಲ್ಕು ವರ್ಷದವರು. ಅವರ ಜೊತೆ ಮಾಡಿ ನೋಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಿಡಿದಿರುವ ಸೂತ್ರ ಒಂದೇ: ಮಗು ತಾನು ಮಾಡುವುದನ್ನು ಮೊದಲು ಬರೆಯಬೇಕು, ಬರೆದದ್ದನ್ನು ಮಾಡಬೇಕು, ಮಾಡಿದ್ದನ್ನು ಹಾರಿಸಬೇಕು. ಹಾರದಿದ್ದರೆ ಮತ್ತೆ ಕಾಗದಕ್ಕೆ ಬಂದು ಡ್ರಾಯಿಂಗ್ ತಿದ್ದಬೇಕು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಜಾಮಿಟ್ರಿ ಬಾಕ್ಸ್, ಒಂದು 30 ಸೆಂಟಿಮೀಟರ್ ಸ್ಕೇಲ್, ಎರಡು ಸೆಟ್ ಸ್ಕ್ವೇರ್, ಎಚ್‌ಬಿ ಮತ್ತು 2ಎಚ್ ಪೆನ್ಸಿಲ್, ಎ4 ಹಾಳೆ, ಹಳೇ ಕ್ಯಾಲೆಂಡರ್, ಎರಡು ದಪ್ಪ ಐವರಿ ಶೀಟ್, ಫೆವಿಕಾಲ್, ಸೆಲ್ಲೋಟೇಪ್, ಕತ್ತರಿ, ಬಿದಿರಿನ ಕಡ್ಡಿ. ಜೊತೆಗೆ ಮಗುವಿಗೊಂದು ನೋಟ್‌ಬುಕ್. ಅದು ಬರೀ ಇದಕ್ಕೇ ಇರಲಿ.

ಮೊದಲ ಭಾನುವಾರ: ಒಂದು ಎ4 ಹಾಳೆ

ಎಲ್ಲ ಮಕ್ಕಳಿಗೂ ಕಾಗದದ ವಿಮಾನ ಮಡಿಸಲು ಬರುತ್ತದೆ. ಅವರಿಗೆ ಬರುವುದರಿಂದಲೇ ಶುರು ಮಾಡಿ. ಮಡಿಸುವ ಮೊದಲು ಒಂದು ಲೆಕ್ಕ ಕೇಳಿ: ಈ ಹಾಳೆಯ ತೂಕ ಎಷ್ಟು? ತಕ್ಕಡಿ ಬೇಡ. ಪ್ಯಾಕೆಟ್ ಮೇಲೆ 80 ಜಿಎಸ್‌ಎಂ ಅಂತ ಬರೆದಿರುತ್ತದೆ. ಅಂದರೆ ಒಂದು ಚದರ ಮೀಟರ್ ಕಾಗದ 80 ಗ್ರಾಂ ತೂಗುತ್ತದೆ. ಒಂದು ಚದರ ಮೀಟರ್‌ಗೆ ಹದಿನಾರು ಎ4 ಹಾಳೆ. ಹಾಗಾದರೆ ಒಂದಕ್ಕೆ 5 ಗ್ರಾಂ. "ನನ್ನ ವಿಮಾನ ಐದು ಗ್ರಾಂ!" ಅಂತ ಮಗು ಹೇಳಿದ ಕ್ಷಣದಿಂದ ಅದು ಆಟಿಕೆಯಾಗಿ ಉಳಿಯುವುದಿಲ್ಲ. ತೂಕ ಗೊತ್ತಿರುವ ವಸ್ತುವಾಗುತ್ತದೆ.

ಈಗ ಎಸೆಯಿರಿ. ಒಂದು ಗೆರೆ ಎಳೆದು ಅದರ ಹಿಂದೆ ನಿಂತು, ಒಂದೇ ಥರ ಮೂರು ಸಲ. ಮೂರರ ಸರಾಸರಿಯನ್ನು ನೋಟ್‌ಬುಕ್‌ನಲ್ಲಿ ಬರೆಯಲಿ. ಮೂತಿ ಕೆಳಗೆ ಮಾಡಿ ನೆಲಕ್ಕೆ ಹೊಡೆದರೆ ರೆಕ್ಕೆಯ ಹಿಂದಿನ ಅಂಚನ್ನು ಎರಡು ಮೂರು ಮಿಲಿಮೀಟರ್ ಮೇಲಕ್ಕೆ ಮಡಿಸಿ. ಮೇಲೆದ್ದು, ಅರೆಕ್ಷಣ ನಿಂತು, ದೊಪ್ಪನೆ ಬಿದ್ದರೆ ಅದಕ್ಕೆ ಸ್ಟಾಲ್ ಅನ್ನುತ್ತಾರೆ. ಆಗ ಮೂತಿಗೆ ಒಂದು ಜೆಮ್ ಕ್ಲಿಪ್ ಹಾಕಿ. ಇಲ್ಲಿ ಕಟ್ಟುನಿಟ್ಟಾಗಿರಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಅಂಚನ್ನೂ ಮಡಿಸಿ, ಕ್ಲಿಪ್ಪನ್ನೂ ಹಾಕಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ. ಇದು ಮಕ್ಕಳಿಗೆ ಬಹಳ ಕಷ್ಟದ ಕೆಲಸ. ಕೈ ಸುಮ್ನೆ ಇರುವುದಿಲ್ಲ. ಆದರೂ ಮೊದಲ ದಿನವೇ ರೂಢಿ ಮಾಡಿಸಿ.

ರೈಟ್ ಸಹೋದರರ ಕಥೆ ಹೇಳಬೇಕಾದ್ದು ಈ ಹೊತ್ತಿನಲ್ಲಿ. 1903ರ ಡಿಸೆಂಬರ್ 17ರಂದು ಅವರ ವಿಮಾನ 12 ಸೆಕೆಂಡು ಹಾರಿ 120 ಅಡಿ ಹೋಯಿತು ಅನ್ನುವುದು ಎಲ್ಲ ಪಾಠದಲ್ಲೂ ಇದೆ. ಅದಕ್ಕೂ ಮುಂಚೆ ಅವರು ಏನು ಮಾಡಿದರು ಅನ್ನುವುದು ನನಗೆ ಹೆಚ್ಚು ಮುಖ್ಯ. ಆ ಸೈಕಲ್ ಅಂಗಡಿಯವರು 1900ರಿಂದ ಮೂರು ವರ್ಷ ಇಂಜಿನ್ ಇಲ್ಲದ ಗ್ಲೈಡರ್‌ಗಳನ್ನೇ ಮಾಡಿ ಹಾರಿಸಿದರು. 1901ರ ಗ್ಲೈಡರ್ ಅಂದುಕೊಂಡ ಹಾಗೆ ಹಾರಲಿಲ್ಲ. ಊರಿಗೆ ಹಿಂತಿರುಗಿ, ಒಂದು ಉದ್ದನೆಯ ಮರದ ಪೆಟ್ಟಿಗೆಗೆ ಫ್ಯಾನ್ ಜೋಡಿಸಿ ಗಾಳಿ ಸುರಂಗ ಮಾಡಿಕೊಂಡರು. ಅದರೊಳಗೆ ಪುಟ್ಟ ಪುಟ್ಟ ರೆಕ್ಕೆಗಳನ್ನು ಇಟ್ಟು, ಒಂದೊಂದನ್ನೂ ಅಳೆದು ಬರೆದುಕೊಂಡರು. ಮಕ್ಕಳ ನೋಟ್‌ಬುಕ್ ಕೂಡ ಅದೇ ಜಾತಿಯದು ಅಂತ ಅವರಿಗೆ ಹೇಳಿ.

ಎರಡನೇ ಭಾನುವಾರ: ಅಡುಗೆಮನೆಯ ಲೋಟ

ಈ ದಿನ ವಿಮಾನ ಇಲ್ಲ. ಮಕ್ಕಳು ಗೊಣಗುತ್ತಾರೆ, ಗೊಣಗಲಿ.

ಒಂದು ಸ್ಟೀಲ್ ಲೋಟ ತನ್ನಿ. ಬಾಯಿ ಅಗಲ, ತಳ ಸಣ್ಣ ಇರುವ ಕಾಫಿ ಲೋಟ. "ಇದರ ಚಿತ್ರ ಬರಿ" ಅಂದರೆ ಎಲ್ಲರೂ ಬಾಯಿಯನ್ನು ಮೊಟ್ಟೆಯಾಕಾರದಲ್ಲಿ ಬರೆದು ಕೆಳಗೆ ಗೋಡೆ ಎಳೆಯುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆಗ ಕೇಳಿ: "ಬಾಯಿ ನಿಜವಾಗಿ ಮೊಟ್ಟೆಯ ಹಾಗಿದೆಯಾ?" ಇಲ್ಲ, ದುಂಡಗಿದೆ. "ಈ ಚಿತ್ರ ನೋಡಿ ಪಾತ್ರೆ ಮಾಡುವವರು ಇದೇ ಲೋಟ ಮಾಡಬಲ್ಲರಾ?" ಆಗಲ್ಲ ಅಲ್ವಾ. ನಾವು ಕಂಡ ಹಾಗೆ ಬರೆಯುವುದು ಚಿತ್ರ. ಇನ್ನೊಬ್ಬರು ಮಾಡುವ ಹಾಗೆ ಬರೆಯುವುದು ಡ್ರಾಯಿಂಗ್. ಈ ವ್ಯತ್ಯಾಸ ಒಂದು ಲೋಟದಲ್ಲಿ ತಿಳಿದುಬಿಡುತ್ತದೆ.

ಈಗ ಅಳೆಯಿರಿ. ಎತ್ತರ ಸುಲಭ. ಬಾಯಿಯ ಅಗಲ ಅಳೆಯಲು ಸ್ಕೇಲನ್ನು ಸುಮ್ನೆ ಮೇಲಿಟ್ಟರೆ ಸರಿಯಾದ ನಡು ಸಿಗುವುದಿಲ್ಲ. ಅದಕ್ಕೊಂದು ಉಪಾಯ: ಲೋಟವನ್ನು ಬೋರಲು ಹಾಕಿ, ಎರಡು ಸೆಟ್ ಸ್ಕ್ವೇರ್‌ಗಳನ್ನು ಎರಡು ಬದಿಯಿಂದ ಒತ್ತಿ ನಿಲ್ಲಿಸಿ, ಅವುಗಳ ನಡುವಿನ ದೂರ ಅಳೆಯಿರಿ. ಅದೇ ನಿಮ್ಮ ಮನೆಯ ವರ್ನಿಯರ್ ಕ್ಯಾಲಿಪರ್. ನಮ್ಮ ಮನೆಯ ಲೋಟ ಎತ್ತರ 90, ಬಾಯಿ 75, ತಳ 55 ಬಂತು. ಎಲ್ಲವೂ ಮಿಲಿಮೀಟರ್‌ನಲ್ಲಿ. ಶಾಪ್‌ನಲ್ಲಿ ಸೆಂಟಿಮೀಟರ್ ಮಾತೇ ಇಲ್ಲ, ಅದನ್ನು ಮಕ್ಕಳಿಗೂ ಈಗಲೇ ಬಿಡಿಸಿ.

ಇನ್ನು ಲೋಟವನ್ನು ತಳ ಎಡಕ್ಕೆ, ಬಾಯಿ ಬಲಕ್ಕೆ ಬರುವಂತೆ ಮೇಜಿನ ಮೇಲೆ ಅಡ್ಡ ಮಲಗಿಸಿ. ಎದುರಿನಿಂದ ಕಣ್ಣನ್ನು ಲೋಟದ ಮಟ್ಟಕ್ಕೆ ತಂದು ನೋಡಿದರೆ ಏನು ಕಾಣುತ್ತದೆ? ಎಡಕ್ಕೆ ಕಿರಿದಾದ, ಬಲಕ್ಕೆ ಅಗಲವಾದ ನಾಲ್ಕು ಗೆರೆಯ ಆಕಾರ. ಅದು ಎದುರು ನೋಟ. ಎಡಗಡೆಗೆ ಹೋಗಿ ತಳದ ಕಡೆಯಿಂದ ನೋಡಿದರೆ? ಒಂದರೊಳಗೆ ಒಂದು ಎರಡು ವೃತ್ತ. ಒಳಗಿನದು ತಳ, ಹೊರಗಿನದು ಬಾಯಿ. ಅದು ಪಕ್ಕದ ನೋಟ. ಈ ಎರಡನ್ನೂ ಸ್ಕೇಲ್ ಮತ್ತು ಕೈವಾರ ಹಿಡಿದು ಒಂದೇ ಸಾಲಿನಲ್ಲಿ ಬರೆಸಿ. ಎದುರು ನೋಟ ಎಡಕ್ಕೆ, ವೃತ್ತಗಳು ಬಲಕ್ಕೆ.

ಮಗು ಈಗ ಬರೆದಿರುವುದು ಸುಮ್ನೆ ಲೋಟವಲ್ಲ. ಕಾರ್ಖಾನೆಯ ಡ್ರಾಯಿಂಗ್‌ಗಳ ಕೆಳಗಿನ ಮೂಲೆಯಲ್ಲಿ ಒಂದು ಪುಟ್ಟ ಗುರುತು ಇರುತ್ತದೆ, ಅದರ ಆಕಾರ ಇದೇ. ಯಾವ ನೋಟವನ್ನು ಹಾಳೆಯಲ್ಲಿ ಎಲ್ಲಿ ಬರೆಯಬೇಕು ಅಂತ ಹೇಳುವ, ಭಾರತದಲ್ಲೂ ಯುರೋಪಿನಲ್ಲೂ ಬಳಕೆಯಲ್ಲಿರುವ ಫಸ್ಟ್ ಆಂಗಲ್ ಪದ್ಧತಿಯ ಗುರುತು ಅದು. ಅಮೆರಿಕದಲ್ಲಿ ಥರ್ಡ್ ಆಂಗಲ್ ನಡೆಯುತ್ತದೆ. ಅಲ್ಲಿ ವೃತ್ತಗಳು ಎಡಕ್ಕೆ ಬರುತ್ತವೆ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ದೊಡ್ಡ ಹುಡುಗರು ತಲೆ ಕೆಡಿಸಿಕೊಳ್ಳುವ ವಿಷಯವನ್ನು ನಮ್ಮ ಬೀದಿಯ ಐದನೇ ಕ್ಲಾಸಿನ ಹುಡುಗ ಕಾಫಿ ಲೋಟದಲ್ಲಿ ಹಿಡಿದುಕೊಂಡ.

ಮೂರನೇ ಭಾನುವಾರ: ಉರುಳುವ ಬೆಂಕಿಪೊಟ್ಟಣ

ಎದುರು, ಪಕ್ಕ, ಮೇಲು ಅನ್ನುವ ಮೂರು ನೋಟಗಳನ್ನು ಎಲ್ಲೆಲ್ಲಿ ಬರೆಯಬೇಕು ಅನ್ನುವುದನ್ನು ಬಾಯಿಪಾಠ ಮಾಡಿಸಬೇಡಿ. ಬೆಂಕಿಪೊಟ್ಟಣದ ಆರು ಮುಖಗಳಿಗೆ ಬಿಳಿ ಕಾಗದ ಅಂಟಿಸಿ. ಎದುರು, ಮೇಲೆ, ಕೆಳಗೆ, ಎಡ, ಬಲ, ಹಿಂದೆ ಅಂತ ಬರೆಯಿರಿ. ಎದುರು ಮುಖ ಸೂರಿನ ಕಡೆಗೂ, ಮೇಲಿನ ಮುಖ ನಿಮ್ಮಿಂದ ಆಚೆಗೂ ಇರುವಂತೆ ಹಾಳೆಯ ನಡುವೆ ಮಲಗಿಸಿ. ಸುತ್ತ ಗೆರೆ ಎಳೆಯಿರಿ. ಈಗ ಅದನ್ನು ನಿಮ್ಮ ಕಡೆಗೆ ಒಂದು ಸಲ ಉರುಳಿಸಿ. ಮೇಲೆ ಬಂದ ಮುಖ ಯಾವುದು? "ಮೇಲೆ" ಅಂತ ಬರೆದದ್ದು. ಅಂದರೆ ಮೇಲು ನೋಟ ಎದುರು ನೋಟದ ಕೆಳಗೆ ಬರುತ್ತದೆ. ಮೊದಲಿನ ಜಾಗಕ್ಕೆ ತಂದು ಬಲಕ್ಕೆ ಉರುಳಿಸಿದರೆ ಎಡಮುಖ ಕಾಣುತ್ತದೆ. ಎಡದಿಂದ ನೋಡಿದ್ದು ಬಲಕ್ಕೆ. ಫಸ್ಟ್ ಆಂಗಲ್ ಅಂದರೆ ಇಷ್ಟೇ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿದೇಶದಿಂದ ಒಂದು ಬ್ರಾಕೆಟ್‌ನ ಡ್ರಾಯಿಂಗ್ ಬಂದಿತ್ತು. ಮೂಲೆಯ ಗುರುತನ್ನು ನಾನು ನೋಡಲಿಲ್ಲ. ಥರ್ಡ್ ಆಂಗಲ್ ಡ್ರಾಯಿಂಗನ್ನು ಫಸ್ಟ್ ಆಂಗಲ್ ಅಂತ ಓದಿ ಶಾಪ್‌ಗೆ ಬರೆದುಕೊಟ್ಟೆ. ಬ್ರಾಕೆಟ್‌ಗಳು ಬಂದವು, ಅಳತೆ ಎಲ್ಲ ಸರಿ, ಆದರೆ ಎಡಗೈಗೆ ಬಲಗೈ ಇದ್ದ ಹಾಗೆ ತಿರುಗಾಮುರುಗಾ. ಕನ್ನಡಿಯಲ್ಲಿ ಮಾತ್ರ ಸರಿ ಕಾಣುವ ನಲವತ್ತು ಬ್ರಾಕೆಟ್ ಸ್ಕ್ರ್ಯಾಪ್‌ಗೆ ಹೋದವು. ಆ ಬುಟ್ಟಿಯ ಮುಂದೆ ನಿಂತಿದ್ದು ನನಗೆ ಇವತ್ತಿಗೂ ನೆನಪಿದೆ. ಈ ಕಥೆ ಹೇಳಿದ ಮೇಲೆ ನಮ್ಮ ಮಕ್ಕಳು ಹಾಳೆ ಕೈಗೆ ತೆಗೆದುಕೊಂಡರೆ ಮೊದಲು ಮೂಲೆ ನೋಡುತ್ತಾರೆ.

ಗೆರೆಗಳ ಭಾಷೆಯನ್ನೂ ಇದೇ ದಿನ ಹೇಳಿಕೊಡಿ. ಕಾಣುವ ಅಂಚಿಗೆ ದಪ್ಪ ಗೆರೆ. ಒಳಗೆ ಅಡಗಿರುವ ಅಂಚಿಗೆ ತುಂಡು ತುಂಡು ಗೆರೆ. ನಡುಗೆರೆಗೆ ಒಂದು ಉದ್ದ, ಒಂದು ಗಿಡ್ಡ. ಅಳತೆಗೆ ತೆಳು ಗೆರೆ, ಎರಡು ತುದಿಗೂ ಬಾಣ. ಒಂದು ಅಳತೆಯನ್ನು ಒಂದೇ ಕಡೆ ಬರೆಯಬೇಕು, ಯಾಕೆಂದರೆ ಎರಡು ಕಡೆ ಬರೆದು ಆಮೇಲೆ ಒಂದನ್ನು ಮಾತ್ರ ತಿದ್ದಿದರೆ ಗಲಾಟೆ. ಕೆಳಗಿನ ಬಲಮೂಲೆಯಲ್ಲಿ ಒಂದು ಚೌಕ ಹಾಕಿ ಹೆಸರು, ತಾರೀಖು, ಸ್ಕೇಲ್, ರಿವಿಷನ್ (ಎಷ್ಟನೇ ತಿದ್ದುಪಡಿ) ಅಂತ ನಾಲ್ಕು ಸಾಲು. ಆ ಚೌಕದಲ್ಲಿ ತನ್ನ ಹೆಸರು ಬರೆಯುವಾಗ ಮಗು ನೆಟ್ಟಗೆ ಕೂರುವುದನ್ನು ನೋಡಬೇಕು.

ಕಂಪ್ಯೂಟರ್‌ನಲ್ಲೇ ಶುರು ಮಾಡಿಸಬಾರದಾ ಅಂತ ಕೆಲವರು ಕೇಳುತ್ತಾರೆ. ಮೊದಲು ಕೈಯಲ್ಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕಾಗದದ ಮೇಲೆ 1 ಮಿಲಿಮೀಟರ್ ಅಂದರೆ ಎಷ್ಟು ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಎರಡು ಮೂರು ತಿಂಗಳಾದ ಮೇಲೆ ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಮಾಡುವ (ಕ್ಯಾಡ್) ಸಾಫ್ಟ್‌ವೇರ್‌ಗಳಾದ ಟಿಂಕರ್‌ಕ್ಯಾಡ್ ಅಥವಾ ಫ್ರೀಕ್ಯಾಡ್ ಕೊಡಿ, ಎರಡೂ ಉಚಿತ.

ನಾಲ್ಕನೇ ಭಾನುವಾರ: ಗ್ಲೈಡರ್ ಬರೆಯುವುದು

ಈಗ ಕ್ಯಾಲೆಂಡರ್‌ನ ಹಿಂಬದಿ ಬೇಕು. ರೆಕ್ಕೆಯ ಉದ್ದ 300 ಮಿಲಿಮೀಟರ್. ಎ4 ಹಾಳೆ 297 ಮಾತ್ರ. ಮೂರು ಮಿಲಿಮೀಟರ್ ಸಾಲದು. ಇದನ್ನು ಮೊದಲೇ ಹೇಳಬೇಡಿ, ಮಗು ತಾನೇ ಕಂಡುಕೊಂಡು ಬಂದು "ಹಾಳೆ ಸಾಲಲ್ಲ" ಅನ್ನಲಿ. ಆಗ ಸ್ಕೇಲ್ ಅಂದರೇನು ಅಂತ ಹೇಳುವುದಕ್ಕೆ ಸರಿಯಾದ ಸಮಯ. ಎ4 ಹಾಳೆಯಲ್ಲಿ 1:2, ಅಂದರೆ ಅರ್ಧ ಅಳತೆಗೆ ಮೂರು ನೋಟ. ಕ್ಯಾಲೆಂಡರ್ ಹಿಂದೆ ನಿಜ ಅಳತೆಗೆ ಕತ್ತರಿಸುವ ಆಕಾರಗಳು.

ಅಳತೆಗಳು ಹೀಗಿರಲಿ. ರೆಕ್ಕೆಯ ಎರಡು ತುಂಡು, ಒಂದೊಂದು 150 ಉದ್ದ, 60 ಅಗಲ. ಬಾಲದ ಅಡ್ಡ ರೆಕ್ಕೆ 110 ಉದ್ದ, 40 ಅಗಲ. ನಿಲುವು ಬಾಲ 40 ಎತ್ತರ, 40 ಅಗಲ. ದೇಹಕ್ಕೆ ಬಿದಿರು ಕಡ್ಡಿ, 250 ಉದ್ದ. ರೆಕ್ಕೆಯ ಮುಂದಿನ ಅಂಚು ಮೂತಿಯಿಂದ 60 ದೂರದಲ್ಲಿ. ಬಾಲ ಕಡ್ಡಿಯ ಕೊನೆಯಲ್ಲಿ. ಎದುರು ನೋಟದಲ್ಲಿ ರೆಕ್ಕೆಯ ತುದಿಗಳು ನಡುವಿಗಿಂತ 20 ಮಿಲಿಮೀಟರ್ ಮೇಲಿರಬೇಕು, ಅಗಲವಾದ ವಿ ಆಕಾರ. ಗ್ಲೈಡರ್ ಒಂದು ಕಡೆ ವಾಲಿ ಆ ಬದಿಗೆ ಜಾರತೊಡಗಿದಾಗ ಕೆಳಗಿನ ರೆಕ್ಕೆಗೆ ಎತ್ತುವ ಬಲ ಜಾಸ್ತಿ ಸಿಗುತ್ತದೆ, ವಿಮಾನ ತಾನೇ ಸರಿಯಾಗುತ್ತದೆ. ಇದಕ್ಕೆ ಡೈಹೆಡ್ರಲ್ ಅಂತ ಹೆಸರು.

ಎತ್ತುವ ಬಲದ ಮಾತು ಬಂದಾಗ ಒಂದು ತಪ್ಪು ಕಥೆಯಿಂದ ಮಕ್ಕಳನ್ನು ಕಾಪಾಡಿ. ರೆಕ್ಕೆಯ ಮೇಲಿನ ಗಾಳಿ, ಕೆಳಗಿನ ಗಾಳಿ ಎರಡೂ ಹಿಂದಿನ ಅಂಚಿನಲ್ಲಿ ಒಟ್ಟಿಗೇ ಸೇರಬೇಕು, ಅದಕ್ಕೇ ಮೇಲಿನದು ಓಡುತ್ತದೆ ಅಂತ ಎಷ್ಟೋ ಪುಸ್ತಕಗಳಲ್ಲಿದೆ. ಹಾಗೆ ಸೇರಬೇಕು ಅನ್ನುವ ನಿಯಮವೇ ಇಲ್ಲ. ನಿಜಕ್ಕೂ ಮೇಲಿನ ಗಾಳಿ ಮೊದಲೇ ತಲುಪಿಬಿಡುತ್ತದೆ. ಮಕ್ಕಳಿಗೆ ಹೀಗೆ ತೋರಿಸಿ: ಟೇಬಲ್ ಫ್ಯಾನ್ ಮುಂದೆ ಒಂದು ರಟ್ಟನ್ನು ಅಡ್ಡ ಹಿಡಿದು, ಮುಂದಿನ ಅಂಚನ್ನು ಸ್ವಲ್ಪ ಎತ್ತಿ. ರಟ್ಟು ಕೈಯನ್ನು ಮೇಲಕ್ಕೆ ಎಳೆಯುತ್ತದೆ. ಇನ್ನೊಬ್ಬರು ರಟ್ಟಿನ ಹಿಂದೆ ಕೆಳಗಡೆ ಕೈ ಇಟ್ಟರೆ ಗಾಳಿ ಕೆಳಕ್ಕೆ ಬರುವುದು ತಿಳಿಯುತ್ತದೆ. ರೆಕ್ಕೆ ಗಾಳಿಯನ್ನು ಕೆಳಗೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲೆ ತಳ್ಳುತ್ತದೆ. ಈ ವಯಸ್ಸಿಗೆ ಇಷ್ಟು ಸಾಕು.

ಐದನೇ ಭಾನುವಾರ: ಕತ್ತರಿ, ಫೆವಿಕಾಲ್, ಹಿಟ್ಟಿನ ಉಂಡೆ

ಕ್ಯಾಲೆಂಡರ್ ಆಕಾರಗಳನ್ನು ಐವರಿ ಶೀಟ್ ಮೇಲಿಟ್ಟು ಗುರುತು ಹಾಕಿ ಕತ್ತರಿಸಿ. ಬ್ಲೇಡ್ ಬಳಸುವುದಾದರೆ ದೊಡ್ಡವರೇ ಬಳಸಿ. ರೆಕ್ಕೆಯ ಮುಂದಿನ ಅಂಚಿನಿಂದ 20 ಮಿಲಿಮೀಟರ್ ಹಿಂದೆ ಉದ್ದಕ್ಕೂ ಒಂದು ಗೆರೆ ಎಳೆದು, ಖಾಲಿ ಪೆನ್ನಿನ ತುದಿಯಿಂದ ಒತ್ತಿ, ಮುಂಭಾಗ ಸ್ವಲ್ಪ ಕೆಳಗೆ ಬಾಗುವಂತೆ ಮಡಿಸಿ. ಮಡಿಸುವ ಮೊದಲೂ ಆಮೇಲೂ ರೆಕ್ಕೆಯ ಒಂದು ತುದಿ ಹಿಡಿದು ನೋಡಲು ಹೇಳಿ. ಮೊದಲು ಜೋತುಬಿದ್ದ ಕಾರ್ಡ್ ಈಗ ನೆಟ್ಟಗೆ ನಿಲ್ಲುತ್ತದೆ. ಮನೆಯ ಮೇಲಿನ ಜಿಂಕ್ ಶೀಟ್‌ಗೆ ಅಲೆ ಅಲೆ ಯಾಕಿದೆ ಅಂತ ಕೇಳಿ. ಉತ್ತರ ಅವರೇ ಕೊಡುತ್ತಾರೆ.

ಎರಡು ರೆಕ್ಕೆಗಳನ್ನು ನಡುವೆ ಒಂದು ಕಾರ್ಡ್ ಪಟ್ಟಿ ಅಂಟಿಸಿ ಜೋಡಿಸಿ. ಒಣಗುವ ತನಕ ತುದಿಗಳ ಕೆಳಗೆ ಪುಸ್ತಕ ಇಟ್ಟು 20 ಮಿಲಿಮೀಟರ್ ಎತ್ತರ ಕಾಯ್ದುಕೊಳ್ಳಿ. ರೆಕ್ಕೆಯನ್ನು ಕಡ್ಡಿಗೆ ಮೊದಲು ಟೇಪ್‌ನಿಂದ ಮಾತ್ರ ಹಿಡಿಸಿ, ಆಮೇಲೆ ಹಿಂದೆ ಮುಂದೆ ಸರಿಸಬೇಕಾಗಬಹುದು. ಮುಂದೆಂದಾದರೂ ಥರ್ಮಾಕೋಲ್‌ನಲ್ಲಿ ಮಾಡಲು ಹೊರಟರೆ ಫೆವಿಕ್ವಿಕ್ ಹಾಕಬೇಡಿ. ಅದು ಥರ್ಮಾಕೋಲನ್ನು ಕರಗಿಸಿಬಿಡುತ್ತದೆ.

ಇನ್ನು ಭಾರ ಸರಿದೂಗಿಸುವುದು. ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದೇ. ರೆಕ್ಕೆಯ ಕೆಳಗೆ, ಮುಂದಿನ ಅಂಚಿನಿಂದ 20 ಮಿಲಿಮೀಟರ್ ಹಿಂದೆ, ಕಡ್ಡಿಯ ಎರಡೂ ಬದಿಗೆ ಚುಕ್ಕೆ ಇಡಿ. ಆ ಚುಕ್ಕೆಗಳ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ಗ್ಲೈಡರ್ ಮಟ್ಟವಾಗಿ ನಿಲ್ಲಬೇಕು. ಬಾಲ ಇಳಿದರೆ ಮೂತಿಗೆ ಭಾರ ಸೇರಿಸಿ. ಮೂತಿ ಇಳಿದರೆ ತೆಗೆಯಿರಿ.

ಭಾರಕ್ಕೆ ಏನು ಹಾಕಬೇಕು ಅನ್ನುವುದರಲ್ಲಿ ನಮಗೊಂದು ಪಾಠ ಆಯಿತು. ಮೊದಲ ವರ್ಷ ನಾವು ಚಪಾತಿ ಹಿಟ್ಟಿನ ಉಂಡೆ ಅಂಟಿಸಿದ್ದೆವು. ಸಂಜೆ ಬೆರಳ ಮೇಲೆ ತಕ್ಕಡಿಯ ಹಾಗೆ ನಿಂತಿತು. ಮರುದಿನ ಬೆಳಗ್ಗೆ ಮೈದಾನದಲ್ಲಿ ಬಿಟ್ಟರೆ ಎಲ್ಲರ ಗ್ಲೈಡರೂ ಮೂತಿ ಎತ್ತಿ ಸ್ಟಾಲ್ ಆಗಿ ಬೀಳತೊಡಗಿದವು. ರೆಕ್ಕೆ ನೋಡಿದೆವು, ಬಾಲ ನೋಡಿದೆವು, ಎಲ್ಲ ಸರಿ. ಏಳನೇ ಕ್ಲಾಸಿನ ಒಬ್ಬ ಹುಡುಗಿ ಉಂಡೆಯನ್ನು ಉಗುರಿನಿಂದ ಕೆರೆದು ನೋಡಿ, "ಅಂಕಲ್, ಇದು ಒಣಗಿಬಿಟ್ಟಿದೆ. ನೀರು ಹೋಗಿದೆ, ಭಾರನೂ ಹೋಗಿದೆ" ಅಂದಳು. ಮತ್ತೆ ಬೆರಳ ಮೇಲಿಟ್ಟರೆ ಬಾಲ ಕೆಳಗೆ ಇಳಿಯಿತು. ಅವಳ ಮಾತು ಸರಿಯಾಗಿತ್ತು. ಅವತ್ತಿನಿಂದ ನಾವು ಒಣಗದ ಮಾಡೆಲಿಂಗ್ ಕ್ಲೇ ಹಾಕುತ್ತೇವೆ. ಅವಳು ತನ್ನ ಡ್ರಾಯಿಂಗ್‌ನಲ್ಲಿ "ಮೂತಿ ಭಾರ: ಹಿಟ್ಟು" ಅಂತ ಇದ್ದದ್ದನ್ನು ಒಂದು ಗೆರೆ ಹೊಡೆದು "ಕ್ಲೇ" ಅಂತ ಬರೆದಳು. ರಿವಿಷನ್ ಚೌಕದಲ್ಲಿ ಎ ಇದ್ದದ್ದು ಬಿ ಆಯಿತು. ಹಳೆಯದನ್ನು ರಬ್ಬರ್ ಹಾಕಿ ಅಳಿಸಲು ನಾನು ಬಿಡುವುದಿಲ್ಲ. ಏನಿತ್ತು, ಯಾಕೆ ಬದಲಾಯಿತು ಅನ್ನುವುದು ಹಾಳೆಯಲ್ಲೇ ಉಳಿಯಬೇಕು. ಯಾವ ಕಾರ್ಖಾನೆಯಲ್ಲೂ ಹೀಗೇ ನಡೆಯುವುದು.

ಆರನೇ ಭಾನುವಾರ: ಮೈದಾನ

ಬೆಳಗ್ಗೆ ಆರೂವರೆಗೆ ಹೋಗಿ. ಬಿಸಿಲೇರಿದರೆ ಗಾಳಿ ಏಳುತ್ತದೆ. ಹುಲ್ಲಿರುವ ಜಾಗ ಆರಿಸಿ, ರಸ್ತೆ ಪಕ್ಕ ಬೇಡ. ಕಡ್ಡಿಯ ಮೂತಿ ಕಣ್ಣಿಗೆ ತಾಗದಂತೆ ಕ್ಲೇ ಮುಚ್ಚಿರಲಿ. ಬಿಡುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು.

ಗ್ಲೈಡರನ್ನು ಕಲ್ಲಿನ ಹಾಗೆ ಎಸೆಯಬಾರದು. ಭುಜದ ಎತ್ತರದಲ್ಲಿ ಹಿಡಿದು, ಮೂತಿ ಒಂದಿಷ್ಟು ಕೆಳಗೆ ಮಾಡಿ, ಮುಂದಕ್ಕೆ ನೆಟ್ಟಗೆ ತಳ್ಳಿ ಕೈ ಬಿಡಬೇಕು. ಧುಮುಕಿದರೆ ಬಾಲದ ಅಡ್ಡ ರೆಕ್ಕೆಯ ಹಿಂದಿನ ಅಂಚನ್ನು ಎರಡು ಮಿಲಿಮೀಟರ್ ಮೇಲಕ್ಕೆ ಬಾಗಿಸಿ. ಸ್ಟಾಲ್ ಆದರೆ ಬಾಗಿಸಿದ್ದನ್ನು ಇಳಿಸಿ, ಇಲ್ಲವೇ ಕ್ಲೇ ಸೇರಿಸಿ. ಎಡಕ್ಕೆ ಎಳೆದರೆ ಮೊದಲು ಹಿಂದಿನಿಂದ ನೋಡಿ ಎರಡು ರೆಕ್ಕೆಗಳೂ ಒಂದೇ ಥರ ಇವೆಯಾ ಅಂತ. ಬಹಳ ಸಲ ಒಂದು ರೆಕ್ಕೆ ತಿರುಚಿರುತ್ತದೆ. ಅದು ಸರಿ ಇದ್ದರೆ ಮಾತ್ರ ನಿಲುವು ಬಾಲದ ಹಿಂದಿನ ಅಂಚನ್ನು ಸ್ವಲ್ಪ ಬಲಕ್ಕೆ ಬಾಗಿಸಿ.

ಭುಜದ ಎತ್ತರ 1.2 ಮೀಟರ್ ಇದ್ದು ಗ್ಲೈಡರ್ 6 ಮೀಟರ್ ದೂರ ಹೋಗಿ ಇಳಿದರೆ, ದೂರವನ್ನು ಎತ್ತರದಿಂದ ಭಾಗಿಸಲಿ: 5. ಒಂದು ಮೀಟರ್ ಇಳಿಯುವಷ್ಟರಲ್ಲಿ ಐದು ಮೀಟರ್ ಮುಂದೆ ಹೋಗುತ್ತದೆ ಅಂತ ಅರ್ಥ. ಇದು ಅವರ ವಿಮಾನದ ಗ್ಲೈಡ್ ಅನುಪಾತ. ಹಾಗಾದರೆ ಮೂರನೇ ಮಹಡಿಯಿಂದ ಬಿಟ್ಟರೆ ಎಷ್ಟು ದೂರ ಹೋಗಬಹುದು? ಲೆಕ್ಕ ಹಾಕಲಿ, ಮಹಡಿಯಿಂದ ಬಿಡುವುದು ಬೇಡ.

ಮೊದಲ ಸಲ ನೆಟ್ಟಗೆ, ಸದ್ದಿಲ್ಲದೆ, ನೆಲಕ್ಕೆ ಸಮನಾಗಿ ತೇಲಿ ಹೋದಾಗ ಮಕ್ಕಳು ಕೂಗುವುದಿಲ್ಲ. ಉಸಿರು ಹಿಡಿದು ನೋಡುತ್ತಾರೆ. ಇಳಿದ ಮೇಲೆ ಕೂಗುತ್ತಾರೆ.

ಏಳನೇ ಭಾನುವಾರ: ನಿಜವಾದ ವಿಮಾನದ ಹತ್ತಿರ

ಮ್ಯೂಸಿಯಂಗೆ ಕರೆದುಕೊಂಡು ಹೋಗುವುದನ್ನು ಕೊನೆಗೆ ಇಟ್ಟಿದ್ದು ಬೇಕೆಂದೇ. ಮೊದಲೇ ಹೋದರೆ ಮಕ್ಕಳು ವಿಮಾನದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಒಂದು ಗ್ಲೈಡರ್ ಮಾಡಿದ ಮೇಲೆ ಹೋದರೆ ರೆಕ್ಕೆಯ ಕೆಳಗೆ ಬಗ್ಗಿ ನೋಡುತ್ತಾರೆ.

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ರೈಟ್ ಸಹೋದರರ ವಿಮಾನದ ಪೂರ್ತಿ ಅಳತೆಯ ಪ್ರತಿಕೃತಿ ಇದೆ. ಅಲ್ಲಿ ಒಂದೇ ಪ್ರಶ್ನೆ ಕೇಳಿ: "ಇದರ ಎಲಿವೇಟರ್, ಅಂದರೆ ಮೂತಿಯನ್ನು ಮೇಲೆ ಕೆಳಗೆ ಮಾಡುವ ಅಡ್ಡ ರೆಕ್ಕೆ, ಎಲ್ಲಿದೆ?" ತಮ್ಮ ಗ್ಲೈಡರ್‌ನಲ್ಲಿ ಹಿಂದೆ ಇದ್ದದ್ದು ಇಲ್ಲಿ ಮುಂದೆ ಇದೆ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ, ವಿಮಾನ ತಯಾರಿಸುವ ಎಚ್‌ಎಎಲ್ ಕಂಪನಿಯ ಮ್ಯೂಸಿಯಂ ಇನ್ನೊಂದು. ಎಚ್‌ಎಎಲ್ ಶುರುವಾಗಿದ್ದು 1940ರ ಡಿಸೆಂಬರ್‌ನಲ್ಲಿ, ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ. ವಿ. ಎಂ. ಘಾಟಗೆ ಅವರ ತಂಡ ಇಲ್ಲಿ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಹತ್ತು ವರ್ಷದ ಮೇಲೆ, 1961ರಲ್ಲಿ, ಮಾರುತ್ ಜೆಟ್ ಹಾರಿತು. ಇವೆಲ್ಲ ಮೊದಲು ಪೆನ್ಸಿಲ್ ಗೆರೆಗಳಾಗಿದ್ದವು. ಆಗ ಕ್ಯಾಡ್ ಇರಲಿಲ್ಲ.

ಒಂದು ಭೇಟಿಗೆ ಒಂದೇ ವಸ್ತುವಿನ ಡ್ರಾಯಿಂಗ್ ಸಾಕು. ಚಕ್ರದ ಕಾಲು ಇರಬಹುದು, ರೆಕ್ಕೆಯ ಹಿಂದಿನ ಅಂಚು ಇರಬಹುದು. ಹದಿನೈದು ನಿಮಿಷ ಒಂದೇ ಕಡೆ ಕೂತು ಬರೆಯಲಿ. ಮನೆಗೆ ಬಂದ ಮೇಲೆ ತೇಜಸ್ ಯುದ್ಧವಿಮಾನವನ್ನು 1:100 ಅಳತೆಗೆ ಬರೆಸಿ. ಉದ್ದ 13.2 ಮೀಟರ್, ರೆಕ್ಕೆ 8.2 ಮೀಟರ್. ಹಾಳೆಯ ಮೇಲೆ 132 ಮತ್ತು 82 ಮಿಲಿಮೀಟರ್.

ರೊದ್ದಂ ನರಸಿಂಹ ಅವರ ವಿಷಯ ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಬೆಂಗಳೂರಿನ ಕಾಲೇಜು ಹುಡುಗನಾಗಿದ್ದಾಗ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಭಾರತೀಯ ವಿಜ್ಞಾನ ಸಂಸ್ಥೆಗೆ) ಹೋಗಿ, ಅಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನ ನೋಡಿ ಮನಸೋತವರು ಅವರು. ಮುಂದೆ ಅಲ್ಲೇ ಓದಿ, ದೊಡ್ಡ ವಿಜ್ಞಾನಿಯಾಗಿ, ವಿಮಾನ ಸಂಶೋಧನೆಯ ಸಂಸ್ಥೆ ಎನ್‌ಎಎಲ್‌ನ ನಿರ್ದೇಶಕರಾದರು. ಕೊಳ್ಳೇಗಾಲದ ಆಶ್ರಿತಾ ವಿ. ಓಲೇಟಿ ಅವರ ಹೆಸರನ್ನೂ ಹೇಳಿ. 2021ರಲ್ಲಿ ಅವರು ವಾಯುಪಡೆಯ ಮೊದಲ ಮಹಿಳಾ ಫ್ಲೈಟ್ ಟೆಸ್ಟ್ ಇಂಜಿನಿಯರ್ (ವಿಮಾನಗಳ ಹಾರಾಟ ಪರೀಕ್ಷಿಸುವ ಇಂಜಿನಿಯರ್) ಆದರು. ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದನ್ನು ಎರಡು ಸಲ ಹೇಳಿ.

ಬೆಂಗಳೂರಿಗೆ ಬರಲಾಗದಿದ್ದರೆ ನಿಮ್ಮ ಊರಿನ ಲೇತ್ ಶಾಪ್ ಅಥವಾ ಬಡಗಿಯ ಮನೆಗೆ ಹೋಗಿ. ಕೇಳಿಕೊಂಡು, ಒಂದು ಗಂಟೆ ದೂರದಲ್ಲಿ ನಿಂತು ನೋಡಿ. ಅಳೆಯುವುದು, ಗುರುತು ಹಾಕುವುದು, ಕತ್ತರಿಸುವುದು, ಕೂಡಿಸಿ ನೋಡುವುದು. ಅದೇ ವಿದ್ಯೆ.

ಮುಂದಿನ ಓದಿನ ದಾರಿ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಹತ್ತು ವರ್ಷದ ಮಗುವಿನ ಮುಂದೆ ಇದರ ಚರ್ಚೆ ಬೇಡ. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐನಲ್ಲಿ ಎರಡು ವರ್ಷದ ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಇದೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಕೈಕೆಲಸ ಇಷ್ಟಪಡುವವರಿಗೆ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ (ಅಚ್ಚು, ಉಪಕರಣ ತಯಾರಿಕೆ) ಬಹಳ ಒಳ್ಳೆಯದು. ಪಿಯುಸಿ ವಿಜ್ಞಾನ ಮಾಡಿದವರಿಗೆ ಸಿಇಟಿ ಮೂಲಕ ಏರೋನಾಟಿಕಲ್ ಅಥವಾ ಮೆಕ್ಯಾನಿಕಲ್ ಬಿಇ, ಇಲ್ಲವೇ ಡಿಜಿಸಿಎ (ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ) ಒಪ್ಪಿಗೆ ಇರುವ ವಿಮಾನ ನಿರ್ವಹಣೆಯ ಕೋರ್ಸ್. ಸೇರುವ ಮೊದಲು ಆ ಒಪ್ಪಿಗೆ ನಿಜಕ್ಕೂ ಇದೆಯಾ ಅಂತ ಡಿಜಿಸಿಎ ಪಟ್ಟಿಯಲ್ಲೇ ನೋಡಿ, ಜಾಹೀರಾತು ನಂಬಬೇಡಿ. ಪೈಲಟ್ ಆಗುವವರಿಗೆ ಕಮರ್ಷಿಯಲ್ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಿರಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಸುವ ಸರ್ಕಾರಿ ಶಾಲೆ ಇದೆ. ಹೈಸ್ಕೂಲಿನಲ್ಲಿ ಎನ್‌ಸಿಸಿ ಏರ್ ವಿಂಗ್ ಇದ್ದರೆ ಸೇರಿಸಿ, ಅಲ್ಲಿ ಏರೋಮಾಡೆಲಿಂಗ್ ಕಲಿಸುತ್ತಾರೆ.

ಕೊನೆಯ ಪರೀಕ್ಷೆ

ಏಳು ಭಾನುವಾರ ಮುಗಿದ ಮೇಲೆ ಇದೊಂದು ಉಳಿಯುತ್ತದೆ. ಮಗು ಬರೆದ ಗ್ಲೈಡರ್ ಡ್ರಾಯಿಂಗನ್ನು, ಬರೀ ಡ್ರಾಯಿಂಗನ್ನು, ಬೇರೆ ಊರಿನ ಅಣ್ಣನಿಗೋ ಅತ್ತೆ ಮಗಳಿಗೋ ಕಳಿಸಿ. ಫೋಟೋ ಬೇಡ, ವಿವರಣೆ ಬೇಡ. ಅವರು ಅದನ್ನು ನೋಡಿಯೇ ಗ್ಲೈಡರ್ ಮಾಡಬೇಕು.

ನಮ್ಮ ಆ ಏಳನೇ ಕ್ಲಾಸಿನ ಹುಡುಗಿ ಹಾಸನದ ತನ್ನ ಚಿಕ್ಕಮ್ಮನ ಮಗನಿಗೆ ಕಳಿಸಿದ್ದಳು. ಮೂರನೇ ದಿನ ಅವನ ಫೋನ್ ಬಂತು. "ಅಕ್ಕಾ, ನಿಲುವು ಬಾಲದ ಎತ್ತರ ಎಷ್ಟು? ಬರೆದೇ ಇಲ್ಲ." ಅವಳು ಹಾಳೆ ತೆಗೆದು ನೋಡಿದಳು. ಪಕ್ಕದ ನೋಟದಲ್ಲಿ ಬಾಣದ ಗೆರೆ ಇತ್ತು, ಅಂಕಿ ಇರಲಿಲ್ಲ. ಇಷ್ಟು ವಾರ ನಾವ್ಯಾರೂ ಗಮನಿಸಿರಲಿಲ್ಲ, ಎಲ್ಲರಿಗೂ ಅದು 40 ಅಂತ ಬಾಯಲ್ಲೇ ಗೊತ್ತಿತ್ತಲ್ಲ. ಫೋನ್ ಹಿಡಿದುಕೊಂಡೇ ಅವಳು 40 ಅಂತ ಬರೆದಳು. ಆಮೇಲೆ ಮೂಲೆಯ ಚೌಕಕ್ಕೆ ಹೋಗಿ, ಬಿ ಮೇಲೆ ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸಿ ಅಂತ ಬರೆದು ತಾರೀಖು ಹಾಕಿದಳು.